ಗೋದಿಗೆ ಭಂಡಾರ ರೋಗ: ನಿರೋಧಕ ತಳಿಗೂ ಯಾಕ ಬರತೈತಿ?

ಎರಿಹೊಲ_ನವಲಗುಂದ:
ನಮಸ್ಕಾರ್ರಿ ಎಲ್ಲಾರಿಗೂ. ಹಿಂಗಾರಿಗೆ ಕಡ್ಲಿ ಜೋಡಿ ಗೋದಿ ಹಾಕ್ತೇವ್ರಿ. ನಮ್ಮ ತಳಿಗೆ ಭಾಳ ವರ್ಷ ಏನೂ ಬಂದಿರಲಿಲ್ಲ, ರೋಗ ನಿರೋಧಕ ಅಂತನ ಬೀಜ ಕೊಟ್ಟಿದ್ರು, ಈ ಸಲ ತೆನಿ ಹೊರಬೀಳೂ ಹೊತ್ತಿಗೆ ಎಲಿ ತುಂಬ ಕಂದು ಚುಕ್ಕಿ, ಹೊಲದಾಗ ಅಡ್ಡಾಡಿದ್ರ ಅರಿವಿಗೆಲ್ಲಾ ಭಂಡಾರ ಹತ್ತತೈತಿ. ಬಾಜೂ ಹೊಲದಾಗ ಬ್ಯಾರೆ ತಳಿ, ಅಲ್ಲೂ ಚುಕ್ಕಿ ಅದಾವು ಆದ್ರ ಅಲ್ಲೊಂದು ಇಲ್ಲೊಂದು, ಎಲಿ ತುದಿ ಮಾತ್ರ ಒಣಗೈತಿ. ನಮ್ಮ ಬೀಜ ಕಲಬೆರಕಿ ಆತೇನ್ರಿ? ನಿರೋಧಕ ಗುಣ ಜೀನಿನಾಗ ಇದ್ರ ಅದು ಹೆಂಗ ಹೋಗತೈತಿ?

ತಳಿ_ವಿದ್ಯಾರ್ಥಿ:
ಅಣ್ಣಾ, ಬೀಜದ ಮೇಲೆ ಈಗ್ಲೇ ಅನುಮಾನ ಬೇಡ. ಗೋಧಿ ಜೀನ್ ಹಾಗೇ ಇರಬಹುದು, ಬದಲಾಗಿರೋದು ಶಿಲೀಂಧ್ರ. ನೀವು ಭಂಡಾರ ಅನ್ನೋ ಈ ಎಲೆ ತುಕ್ಕು ರೋಗದ ವಿರುದ್ಧದ ಜೀನ್‌ಗಳಿಗೆ ಎಲ್‌ಆರ್ ಅಂತ ನಂಬರ್ ಹಾಕಿ ಕರೀತಾರೆ, 70ಕ್ಕೂ ಹೆಚ್ಚು ಸಿಕ್ಕಿವೆ. ಅದ್ರಲ್ಲಿ ಬಹಳಷ್ಟು ಜೀನ್ ಕೆಲಸ ಮಾಡೋದು ಹೀಗೆ: ಶಿಲೀಂಧ್ರ ಎಲೆಯೊಳಗೆ ಬಿಡೋ ಒಂದು ನಿರ್ದಿಷ್ಟ ಪ್ರೋಟೀನನ್ನ ಗುರುತು ಹಿಡಿದು, ಸುತ್ತಲಿನ ಜೀವಕೋಶಗಳನ್ನ ಗಿಡ ತಾನೇ ಸಾಯಿಸಿ ರೋಗ ಹರಡದ ಹಾಗೆ ತಡೆಯುತ್ತೆ. ಆ ಪ್ರೋಟೀನ್ ಸ್ವಲ್ಪ ಬದಲಾದ್ರೆ ಗುರುತೇ ಸಿಗಲ್ಲ, ಒಂದೇ ಜೀನ್ ನಂಬಿಕೊಂಡಿರೋ ತಳಿ ಎಲ್ಲಾ ಕಡೆ ಒಟ್ಟಿಗೆ ಸೋಲುತ್ತೆ. ರೈ ಧಾನ್ಯದಿಂದ ಬಂದ ಎಲ್‌ಆರ್26ಗೆ ನಮ್ಮ ದೇಶದಲ್ಲಿ ಹಾಗೇ ಆಯ್ತು, ಹುಲ್ಲಿನ ಜಾತಿಯಿಂದ ತಂದ ಎಲ್‌ಆರ್19 ಎಷ್ಟೋ ವರ್ಷ ಗಟ್ಟಿಯಾಗಿತ್ತು, ಅದನ್ನೂ ದಾಟಿದ ರೇಸ್ (ಶಿಲೀಂಧ್ರದ ಒಳಬಗೆ) ಭಾರತದಲ್ಲಿ ಸಿಕ್ಕಿದ್ದು 2005ರಲ್ಲಿ ವರದಿ ಆಯ್ತು.

ಕೂನೂರು_ಕನ್ನಡಿಗ:
ಇದಕ್ಕೆ ಒಂದು ಮಾತು ಸೇರಿಸ್ತೀನಿ. ಬಯಲುಸೀಮೆ ಬೇಸಿಗೆಯಲ್ಲಿ ಈ ರೋಗ ಬದುಕಲ್ಲ, ನೀಲಗಿರಿಯಂಥ ತಂಪು ಬೆಟ್ಟದಲ್ಲಿ ಉಳ್ಕೊಂಡು ಗಾಳಿ ಮಳೆ ಜೊತೆ ಕೆಳಗೆ ಬರುತ್ತೆ, ಆಗ್ರಾದ ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ಇದನ್ನ 1940ರ ಹೊತ್ತಿಗೇ ತೋರಿಸಿಕೊಟ್ಟಿದ್ರು. ದಾರಿಯಲ್ಲಿ ಮೊದಲು ಸಿಗೋದೇ ಕರ್ನಾಟಕದ ಗೋಧಿ. ಅದಕ್ಕೇ ಇಲ್ಲಿ ನೀಲಗಿರಿಯ ವೆಲಿಂಗ್ಟನ್ ಗೋಧಿ ಸಂಶೋಧನಾ ಕೇಂದ್ರದವರು ಎಲ್‌ಆರ್24 ಇರೋ ತಳಿಗಳನ್ನ ಮಾಡಿದ್ರು. ನಿಮ್ಮ ಭಾಗದವರೆಲ್ಲಾ ಒಂದೇ ತಳಿ ಬಿತ್ತಿದ್ರೆ ಉತ್ತರದ ರಾಜ್ಯಗಳಿಗೂ ಅದರ ಬಿಸಿ ತಟ್ಟುತ್ತೆ, ದಯವಿಟ್ಟು ಬೇರೆ ಬೇರೆ ತಳಿ ಹಾಕಿ.

ತಳಿ_ವಿದ್ಯಾರ್ಥಿ:
ಬಾಜೂ ಹೊಲದ ಮಾತು ಬಿಟ್ಟೇ ಹೋಯ್ತು, ನಂಗೆ ಅದೇ ಮುಖ್ಯ ಅನ್ಸುತ್ತೆ. ತೆನೆ ಕೆಳಗಿನ ಕೊನೇ ಎಲೆ ನೋಡಿ, ತುದಿ ಒಣಗಿದೆ ಆದ್ರೆ ಉಜ್ಜಿದ್ರೆ ಬೆರಳಿಗೆ ಪುಡಿ ಹತ್ತಲ್ಲ ಅಂದ್ರೆ ಅದು ಎಲ್‌ಆರ್34 ಇರೋ ಗುರುತಾಗಿರಬಹುದು. ನೀರು ಕಮ್ಮಿಯಾದ್ರೂ ತುದಿ ಒಣಗುತ್ತೆ, ಅದಕ್ಕೇ ಖಾತ್ರಿ ಅಂತ ಹೇಳಲ್ಲ. ಈ ಜೀನ್ ರೋಗವನ್ನ ಪೂರ್ತಿ ತಡೆಯಲ್ಲ, ಚುಕ್ಕಿ ತಡವಾಗಿ ಬರುತ್ತೆ, ಸಣ್ಣದಿರುತ್ತೆ, ಪುಡಿ ಕಮ್ಮಿ. ಸಸಿಯಲ್ಲಿ ಕಾಣಲ್ಲ, ಬೆಳೆದ ಗಿಡದಲ್ಲೇ ಇದರ ಕೆಲಸ. ಹಳದಿ ತುಕ್ಕು, ಬೂದಿ ರೋಗಕ್ಕೂ ಅಷ್ಟಿಷ್ಟು ತಡೆ ಕೊಡುತ್ತೆ. ಅದು ಯಾವ ಜೀನ್ ಅಂತ 2009ರಲ್ಲಿ ಬಿಡಿಸಿ ನೋಡಿದಾಗ ಕೋಶದ ಪೊರೆಯಲ್ಲಿ ವಸ್ತು ಸಾಗಿಸೋ ಪ್ರೋಟೀನಿಂದು ಅಂತ ಗೊತ್ತಾಯ್ತು, ಅಂದ್ರೆ ಶಿಲೀಂಧ್ರದ ಗುರುತು ಹಿಡಿಯೋ ಜಾತಿಯದೇ ಅಲ್ಲ. ನೂರು ವರ್ಷದ ಹತ್ತಿರ ಬಳಕೆಯಲ್ಲಿದ್ರೂ ಇನ್ನೂ ಕೆಲಸ ಮಾಡ್ತಿದೆ. ಒಂದೇ ಇದ್ರೆ ರೋಗ ಜೋರಾದಾಗ ಸಾಲಲ್ಲ, ಎಲ್‌ಆರ್46, ಎಲ್‌ಆರ್67 ಥರದ ಮೂರ್ನಾಲ್ಕು ಕೂಡಿಸಿದ್ರೆ ಎಲೆ ಹೆಚ್ಚುಕಮ್ಮಿ ಸ್ವಚ್ಛವಾಗೇ ಉಳಿಯುತ್ತೆ. ಒಂದೂ ಚುಕ್ಕಿ ಇಲ್ಲದ ತಳಿಗಿಂತ ಸ್ವಲ್ಪ ಚುಕ್ಕಿ ಬಂದೂ ಕಾಳು ತುಂಬೋ ತಳಿಯನ್ನೇ ನಾನು ಹೆಚ್ಚು ನಂಬ್ತೀನಿ.

ಎರಿಹೊಲ_ನವಲಗುಂದ:
ಉಜ್ಜಿ ನೋಡಿದ್ನಿರಿ, ತುದಿಗೆ ಪುಡಿ ಇಲ್ಲ. ನೀರು ಇಬ್ಬರೂ ಒಂದ ಸಮ ಹಾಯ್ಸೇವಿ. ಈಗ ನಮ್ಮ ಬೆಳಿಗೆ ಏನ್ ಮಾಡೂದು, ಮುಂದಿನ ವರ್ಷ ಬೀಜ ಯಾವ್ದು ತರೂದು?

ಧಾರವಾಡ_ಮಾವ:
ತಮ್ಮಾ, ಕಾಳು ಹಾಲು ತುಂಬೂದ್ರೊಳಗ ಇದ್ರ ಪ್ರೊಪಿಕೊನಾಜೋಲ್ ಅನ್ನೂ ಶಿಲೀಂಧ್ರನಾಶಕ ಲೀಟರ್ ನೀರಿಗೆ 1 ಮಿಲಿ ಹಾಕಿ ಎಲಿ ತೊಯ್ಯೂವಂಗ ಹೊಡಿ, ಗಟ್ಟಿ ಕಾಳಾಗಿದ್ರ ಸುಮ್ನ ರೊಕ್ಕ ಹಾಳು. ಮುಂದಿನ ವರ್ಷಕ್ಕ ಅರ್ಧ ಹೊಲಕ್ಕ ಜವೆ ಗೋದಿ ಹಾಕಿ ನೋಡು, ನಮ್ಮ ಕೃಷಿ ವಿಶ್ವವಿದ್ಯಾಲಯದ್ದು ಡಿಡಿಕೆ 1025, ಡಿಡಿಕೆ 1029 ಅದಾವು, ಭಂಡಾರಕ್ಕ ಚೊಲೋ ತಡಿತಾವು. ಸಿಪ್ಪಿ ಬಿಡಸಾಕ ಮಿಲ್ಲು ಹತ್ರ ಐತೇನ ಮೊದ್ಲ ಕೇಳ್ಕೋ, ಇದು ರಾಶಿ ಮಾಡಿದ್ರ ಬಿಡೂದಿಲ್ಲ. ಉಳಿದ ಅರ್ಧಕ್ಕ ಬಾಜೂದವ್ರ ತಳಿ ಹೆಸರು ಕೇಳಿ ಅದನ್ನ ಹಾಕು.