ಸಹಾಯ ಬೇಕು: ಪೇಸ್‌ಮೇಕರ್ ಸ್ಪೈಕ್ (ಅದು ಕೊಟ್ಟ ವಿದ್ಯುತ್ ಪಲ್ಸ್‌ನ ಗೆರೆ) ಇದೆ, ಕೆಲವು ಸಲ ಕ್ಯೂಆರ್‌ಎಸ್ (ಇಸಿಜಿಯಲ್ಲಿ ವೆಂಟ್ರಿಕಲ್ ಬಡಿತದ ಅಲೆ) ಬರುತ್ತಿಲ್ಲ

ಪೇಸಿಂಗ್ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರು ದಯವಿಟ್ಟು ನೋಡಿ. ಕಂಪ್ಲೀಟ್ ಹಾರ್ಟ್ ಬ್ಲಾಕ್‌ಗೆ (ಏಟ್ರಿಯಮ್‌ನ ಸಂಕೇತ ವೆಂಟ್ರಿಕಲ್ ತಲುಪದ ಸ್ಥಿತಿ) ಹಾಕಿದ ಡ್ಯುಯಲ್ ಚೇಂಬರ್ ಪೇಸ್‌ಮೇಕರ್, ಡಿಡಿಡಿ ಮೋಡ್ (ಎರಡೂ ಕೋಣೆಗಳನ್ನು ಗಮನಿಸಿ ಬೇಕಾದಾಗ ಬಡಿಸುವುದು), ಈಗ ಮೂರನೇ ವಾರ. ಏಟ್ರಿಯಲ್ ಲೀಡ್ (ಹೃದಯದೊಳಗೆ ಇಟ್ಟ ತಂತಿ) ಸರಿಯಿದೆ. ತಕರಾರು ಬಲ ವೆಂಟ್ರಿಕಲ್ ಲೀಡ್‌ದು.

ಹಾಕಿದ ದಿನ ಥ್ರೆಶೋಲ್ಡ್ (ಹೃದಯ ಬಡಿಸಲು ಬೇಕಾದ ಕನಿಷ್ಠ ವೋಲ್ಟೇಜ್) 0.4 ಮಿಲಿಸೆಕೆಂಡಿಗೆ 0.6 ವೋಲ್ಟ್. ಈಗ ಮಲಗಿದ್ದಾಗ 1.5, ಎದ್ದು ಕೂತು ದೀರ್ಘ ಉಸಿರೆಳೆದರೆ 3.75. ಔಟ್‌ಪುಟ್ 3.5ಕ್ಕೆ ಇಟ್ಟಿದ್ದರಿಂದ ಕೆಲವು ಸ್ಪೈಕ್ ಖಾಲಿ ಹೋಗುತ್ತಿದ್ದವು. ಸದ್ಯ 5 ವೋಲ್ಟ್, 1 ಮಿಲಿಸೆಕೆಂಡ್ ಕೊಟ್ಟು ಮಾನಿಟರ್‌ನಲ್ಲಿ ಇಟ್ಟಿದೆ. (ಮಾನಿಟರ್ ಸ್ಪೈಕನ್ನೇ ಬಡಿತವೆಂದು ಎಣಿಸಿ 60 ತೋರಿಸಬಹುದು; ಬೆರಳಿನ ಪಲ್ಸ್ ಅಲೆಯನ್ನೂ ನೋಡಲೇಬೇಕು.)

ಇಂಪೀಡೆನ್ಸ್ (ಲೀಡ್‌ನ ವಿದ್ಯುತ್ ತಡೆ) 610 ಓಮ್, ಮೊದಲಿನಷ್ಟೇ. ತಂತಿ ಮುರಿದಿದ್ದರೆ 2000 ದಾಟಬೇಕಿತ್ತು, ಇನ್ಸುಲೇಷನ್ ಹೋಗಿದ್ದರೆ 200ರ ಕೆಳಗೆ ಇಳಿಯಬೇಕಿತ್ತು. ಆರ್ ವೇವ್ (ಲೀಡ್ ಗ್ರಹಿಸುವ ವೆಂಟ್ರಿಕಲ್‌ನ ಸ್ವಂತ ಸಂಕೇತ) ಮಾತ್ರ 11ರಿಂದ 5 ಮಿಲಿವೋಲ್ಟ್‌ಗೆ ಬಿದ್ದಿದೆ. ಥ್ರೆಶೋಲ್ಡ್ ಏರಿಸಬಲ್ಲ ಬೇರೆ ಕಾರಣ ಕಾಣುತ್ತಿಲ್ಲ: ಪೊಟ್ಯಾಸಿಯಮ್ 4.3 (ಸಹಜ), ಫ್ಲೆಕೈನೈಡ್ ಔಷಧ ಇಲ್ಲ.

ತುದಿಯ ಉರಿಯೂತದಿಂದ ಮೊದಲ ವಾರಗಳಲ್ಲಿ ಥ್ರೆಶೋಲ್ಡ್ ಏರುವುದು ಗೊತ್ತಿದ್ದದ್ದೇ. ಆದರೆ ಇದು ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ತುದಿ, ಮೇಲಾಗಿ ಭಂಗಿ ಬದಲಿಸಿದರೆ ಇಷ್ಟು ವ್ಯತ್ಯಾಸ! ಲೀಡ್ ಕೂದಲೆಳೆಯಷ್ಟು ಜರುಗಿದೆ ಎಂಬ ಅನುಮಾನವೇ ಬಲ. ನೇರ ಎಕ್ಸ್‌ರೇಯಲ್ಲಿ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿಲ್ಲ. ಲ್ಯಾಟರಲ್ (ಪಕ್ಕದಿಂದ ತೆಗೆಯುವ ಎಕ್ಸ್‌ರೇ) ಇನ್ನೂ ಆಗಬೇಕು.

ಇಂಥ ಸಂದರ್ಭದಲ್ಲಿ ಆರು ವಾರ ಕಾಯುತ್ತೀರಾ, ಈಗಲೇ ಲೀಡ್ ಮತ್ತೆ ಕೂರಿಸುತ್ತೀರಾ? ಎಸ್ಕೇಪ್ ರಿದಮ್ (ಪೇಸಿಂಗ್ ಇಲ್ಲದಾಗ ವೆಂಟ್ರಿಕಲ್‌ನ ಸ್ವಂತ ಬಡಿತ) ನಿಮಿಷಕ್ಕೆ ಬರೀ 32. ಲ್ಯಾಟರಲ್‌ನಲ್ಲಿ ತುದಿಯನ್ನು ನೋಡಬೇಕೋ, ಏಟ್ರಿಯಮ್‌ನೊಳಗಿನ ಲೀಡ್ ಸಡಿಲವನ್ನೋ?