ವೈಂಡಿಂಗ್ ಅಂಗಡಿ ಹಾಕಲಾ, ಕಂಪನಿಯಲ್ಲೇ ಇರಲಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯ ಪಕ್ಕದ ಹಳ್ಳಿಯವನು. ಐಟಿಐ ಮುಗಿಸಿ ಮೈಸೂರಿನ ಹೂಟಗಳ್ಳಿ ಕಡೆ ಒಂದು ಕಂಪನಿಯ ಮೇಂಟೆನೆನ್ಸ್‌ನಲ್ಲಿದ್ದೇನೆ, ಈ ಮೇ ತಿಂಗಳಿಗೆ 9 ವರ್ಷ 1 ತಿಂಗಳಾಯಿತು. ಕೈಗೆ 24,000 ಬರುತ್ತದೆ, ಬೇಸಿಕ್ ಮತ್ತು ಡಿಎ ಸೇರಿ 16,500. ಭಾನುವಾರ, ಮತ್ತೆ ಫಸ್ಟ್ ಶಿಫ್ಟ್ ಇದ್ದಾಗ ಸಂಜೆ, ಮನೆ ಜಗಲಿಯಲ್ಲೇ ಊರಿನವರ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುತ್ತೇನೆ, ಅಂದರೆ ಸುಟ್ಟ ತಂತಿ ತೆಗೆದು ಹೊಸ ತಾಮ್ರದ ತಂತಿ ಸುತ್ತುವುದು. ಏಪ್ರಿಲ್‌ನಲ್ಲಿ 18,000 ಉಳಿಯಿತು. ಪೂರ್ತಿ ಕೂತರೆ 50,000 ಆಗಲ್ವಾ? ಮಂಡ್ಯದಲ್ಲಿ 7,000 ಬಾಡಿಗೆಗೆ ಮಳಿಗೆ ನೋಡಿದ್ದೇನೆ. ಮುಂದಿನ ತಿಂಗಳು ಪೇಪರ್ ಹಾಕೋಣ ಅಂತಿದ್ದೇನೆ, ಹೆಂಡತಿ ಬೇಡ ಅಂತಾಳೆ.

ಉತ್ತರ: ನಾನು ಮೈಸೂರಿನಲ್ಲಿ ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳ ಲೆಕ್ಕ, ತೆರಿಗೆ ನೋಡುವವನು. 6 ವರ್ಷ ಕೆಲಸ ಮಾಡಿ ನಾನೂ ನೌಕರಿ ಬಿಟ್ಟವನೇ, ಹಾಗಾಗಿ ಬಿಡಬೇಡಿ ಅಂತ ಹೇಳಲ್ಲ. ಆದರೆ ನಿಮ್ಮ ಸಂಬಳ 24,000 ಅಲ್ಲ. ನಿಮ್ಮಿಂದ ಕಟ್ ಆಗುವ ಪಿಎಫ್ 1,980, ಕಂಪನಿ ಹಾಕುವ 1,980, ಕೆಲಸ ಬಿಟ್ಟಾಗ ಕಂಪನಿ ಒಟ್ಟಿಗೆ ಕೊಡುವ ಗ್ರಾಚ್ಯುಟಿ ತಿಂಗಳಿಗೆ ಸುಮಾರು 793. ಎಲ್ಲ ಸೇರಿದರೆ 28,700 ದಾಟುತ್ತದೆ. ಕಂಪನಿ ಬಸ್ಸು, ಕ್ಯಾಂಟೀನ್ ಊಟ, ಇನ್ಶೂರೆನ್ಸ್ ಇದ್ದರೆ ಅದೂ ಬೇರೆ.

ಇನ್ನು ಆ 18,000. ಜಗಲಿಗೆ ಬಾಡಿಗೆ ಇಲ್ಲ, ಕರೆಂಟು ಮನೆಯದು. ಮಳಿಗೆಗೆ ವಿದ್ಯುತ್ ಕಂಪನಿ ಸೆಸ್ಕ್‌ನ ಬೇರೆ ಮೀಟರ್ ಬೇಕು. ಸುಟ್ಟ ತಾಮ್ರ ಮಾರಿದ ದುಡ್ಡೂ ಅದರಲ್ಲಿ ಸೇರಿದೆಯಾ? ಅಂಗಡಿ ಅಂದಮೇಲೆ ಹಳೇ ತಂತಿ ತೂಕ ಹಾಕಿ ವಾಪಸ್ ಕೊಡಿ ಅನ್ನುವ ಗಿರಾಕಿ ಬಂದೇ ಬರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಅದು ಏಪ್ರಿಲ್ ಲೆಕ್ಕ. ಬೇಸಿಗೆಯಲ್ಲಿ ಮೋಟರ್ ಬಿಡುವಿಲ್ಲದೆ ಓಡುತ್ತೆ, ಸುಡುತ್ತೆ. ಮಳೆ ಹಿಡಿದು ನಾಲೆಯಲ್ಲಿ ನೀರು ಬಂದ ಮೇಲೆ ನಿಮ್ಮ ಜಗಲಿಗೆ ಎಷ್ಟು ಮೋಟರ್ ಬಂದಿದ್ದವು, ಅದನ್ನು ಬರೆದಿಲ್ಲ ನೀವು.

ಉದ್ರಿ ವಿಷಯವೂ ಇದೆ. ನನ್ನ ಹತ್ತಿರ ಬರುವ ಒಬ್ಬ ವೈಂಡಿಂಗ್ ಅಂಗಡಿಯವರ ಬಾಕಿ ಪುಸ್ತಕದಲ್ಲಿ ತಾರೀಖೇ ಇರುವುದಿಲ್ಲ. 'ಆಲೆಮನೆ ಶುರುವಾದ ಮೇಲೆ', 'ಕಬ್ಬಿನ ಬಿಲ್ ಬಂದಾಗ', ಒಂದು ಕಡೆಯಂತೂ 'ಮಗಳ ಮದುವೆ ಕಳೆದ ಮೇಲೆ' ಅಂತಿದೆ. ತಾಮ್ರದ ತಂತಿ ಅಂಗಡಿಯವನು ಮಾತ್ರ ಕ್ಯಾಶ್ ಇಟ್ಟು ತಗೊಂಡು ಹೋಗು ಅಂತಾನೆ. ನಾನು ಬಿಟ್ಟ ಮೊದಲ ವರ್ಷ ಕೆಲಸಕ್ಕೇನೂ ಬರ ಇರಲಿಲ್ಲ, ದುಡ್ಡು ಮಾತ್ರ ಬೇರೆಯವರ ಜೇಬಿನಲ್ಲಿತ್ತು.

ಈಗ ನಿಜವಾದ ಉತ್ತರ: ನವೆಂಬರ್‌ವರೆಗೆ ಪೇಪರ್ ಹಾಕಬೇಡಿ. ಪಿಎಫ್ ಜೊತೆಗಿರುವ ಪೆನ್ಷನ್ ಸ್ಕೀಮಿನಲ್ಲಿ 10 ವರ್ಷದ ಸರ್ವಿಸ್ ಬೇಕು, ನಡುವೆ ಗ್ಯಾಪ್ ಇಲ್ಲದಿದ್ದರೆ 9 ವರ್ಷ 6 ತಿಂಗಳನ್ನೂ 10 ಅಂತ ಹಿಡಿಯುತ್ತಾರೆ. ಆಮೇಲೆ 58ಕ್ಕೆ ಪೆನ್ಷನ್. ಪೆನ್ಷನ್‌ಗೆ ನಿಮ್ಮ 16,500ರಲ್ಲಿ 15,000 ಮಾತ್ರ ಹಿಡಿಯುತ್ತಾರೆ, ಹಾಗಾಗಿ ಹೆಚ್ಚೆಂದರೆ 15,000 × 10 ÷ 70, ಅಂದರೆ ತಿಂಗಳಿಗೆ 2,143 ರೂಪಾಯಿ. ದೊಡ್ಡದಲ್ಲ, ಆದರೆ ಸುಮ್ನೆ ಯಾಕೆ ಬಿಡಬೇಕು? ಗ್ರಾಚ್ಯುಟಿಯಲ್ಲೂ 6 ತಿಂಗಳು ದಾಟಿದರೆ ಪೂರ್ತಿ ವರ್ಷ. 16,500 × 15 ÷ 26 × 10, ಸುಮಾರು 95,000. ಈಗಲೇ ಬಿಟ್ಟರೆ ಅದರಲ್ಲಿ 9,500 ಖೋತಾ. ಅಷ್ಟರೊಳಗೆ ಮಳೆಗಾಲದ ಲೆಕ್ಕವೂ ನಿಮ್ಮ ಕೈಗೆ ಸಿಗುತ್ತದೆ.

ಪ್ರಶ್ನೆ: ಸರ್, ಈ ಪೆನ್ಷನ್ ಲೆಕ್ಕ ನಮಗೆ ಯಾರೂ ಹೇಳಿರಲಿಲ್ಲ. ಜಿಎಸ್‌ಟಿ ಮಾಡಿಸಬೇಕಾ? ಒಬ್ಬರು ಉದ್ಯಮ್ ಸರ್ಟಿಫಿಕೇಟ್‌ಗೆ 2,500 ಕೇಳುತ್ತಿದ್ದಾರೆ.

ಉತ್ತರ: ಉದ್ಯಮ್ ಅಂದರೆ ಸಣ್ಣ ಉದ್ದಿಮೆಗಳ ನೋಂದಣಿ, ಅದು ಪೂರ್ತಿ ಉಚಿತ, ಆಧಾರ್, ಪ್ಯಾನ್ ಇಟ್ಟುಕೊಂಡು ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ಮಾಡಿ. ರಿಪೇರಿ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಕಡ್ಡಾಯ ಅಲ್ಲ. ಟ್ರೇಡ್ ಲೈಸೆನ್ಸ್ ಮಾತ್ರ ಮಾಡಿಸಿ. ಸಲಕರಣೆಗೆ ದುಡ್ಡು ಬೇಕಿದ್ದರೆ ಮುದ್ರಾ ಶಿಶು ಸಾಲ ಕೇಳಿ, 50,000ದವರೆಗೆ ಅಡಮಾನ ಇಲ್ಲ. ಹಾಂ, ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ. ಬೇರೆ ಕೆಲಸ ಮಾಡಬಾರದು ಅಂತಿದ್ದರೆ ಈಗಲೇ ಬೋರ್ಡು ಗೀರ್ಡು ಬರೆಸಬೇಡಿ. ಮಳಿಗೆಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ?

ಪ್ರಶ್ನೆ: 5,000 ಕೊಟ್ಟುಬಿಟ್ಟಿದ್ದೇನೆ ಸರ್. ಮನೇಲಿ ಹೇಳಿಲ್ಲ.

ಉತ್ತರ: ಮಾಲೀಕರ ಹತ್ತಿರ ಇವತ್ತೇ ಹೋಗಿ. ಡಿಸೆಂಬರ್‌ನಿಂದ ಬಾಡಿಗೆ ಅಂತ ಒಪ್ಪಿದರೆ ಬರೆಸಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೇಳಿ. ಮನೆಯಲ್ಲಿ ಅದಕ್ಕೂ ಮೊದಲೇ ಹೇಳಿ.