ಸಿ-85 ಎಂಜಿನ್, ಒಳಗೆ ಓ-200 ಕ್ರ್ಯಾಂಕ್: ಪ್ಲೇಟ್ ಬದಲಿಸಬೇಕಾ?

ಕೊಟ್ಟಿಗೆ_ಹ್ಯಾಂಗರ್ (ಶಿರಸಿ):
ತಲೆ ಕೆಟ್ಟುಹೋಗಿದೆ. ಎಂಜಿನ್ ಸಿ-85-12. ಹಿಂದೆ ಯಾರೋ ಅದೇ ಕಂಪನಿಯ ಇನ್ನೊಂದು ಎಂಜಿನ್ ಓ-200ರ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ ತಿರುಗಿಸೋ ಶಾಫ್ಟ್) ಹಾಕಿಸಿದ್ದಾರೆ. ಓಡೋದಕ್ಕೆ ಬೆಣ್ಣೆ. ಆದರೆ ವರ್ಷದ ತಪಾಸಣೆಗೆ ಬಂದವ "ಎಂಜಿನ್ ಮೇಲೆ ಹೊಡೆದಿರೋ ಹೆಸರಿನ ಪ್ಲೇಟ್ ಒಂದು ಹೇಳ್ತದೆ, ಒಳಗೆ ಇನ್ನೊಂದು ಇದೆ, ಕಾಗದ ತೋರಿಸು" ಅಂತ ಹಟ ಹಿಡಿದಿದ್ದಾನೆ. ಲಾಗ್‌ಬುಕ್ಕಿನಲ್ಲಿ ಇರೋದು ಒಂದೇ ಸಾಲು. ಸರ್ಕಾರದಿಂದ ರೆಕಾರ್ಡ್ ತರಿಸಿ ನೋಡಿದೆ, ಎಂತದೂ ಇಲ್ಲ. ಓ-200 ಅಂತ ಹೊಸ ಪ್ಲೇಟ್ ಹೊಡೆಸಿಬಿಡಲಾ? ರಜೆ ಇನ್ನು ಹತ್ತೇ ದಿನ. ಇಲ್ಲಿ ನೋಡಿದ್ರೆ ತೋಟಕ್ಕೆ ಕೊಳೆ ಔಷಧಿ ಹೊಡೆಸೋ ಗಡಿಬಿಡಿ, ಮೈಲುತುತ್ತದ ಕೈಯಲ್ಲೇ ಟೈಪ್ ಮಾಡ್ತಾ ಇದ್ದೇನೆ.

ಜಾವಾ_ಭಾವ (ಸಿದ್ದಾಪುರ):
ಇದಕ್ಕೆಲ್ಲ ತಲೆಬಿಸಿ ಎಂತಕ್ಕೆ? ನನ್ನ ಜಾವಾಕ್ಕೆ ಯೆಜ್ಡಿ ಎಂಜಿನ್ ಕೂರಿಸಿದಾಗ ಬಿಲ್ ಇಟ್ಟು, ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು, ಆರ್‌ಸಿಯಲ್ಲಿ ಬರೆಸಿಕೊಂಡೆ. ಕೆಎ-31, ಇವತ್ತಿಗೂ ಒಂದೇ ಕಿಕ್ಕಿಗೆ ಸ್ಟಾರ್ಟ್.

ಕಾಳಿತೀರ (ಕಾರವಾರ):
ಭಾವ, ಅದು ಕಾಂಟಿನೆಂಟಲ್ ಸಿ-85. ವಿಮಾನದ ಎಂಜಿನ್ ಮಾರಾಯ್ರೇ!

ಜಾವಾ_ಭಾವ:
ಶಿರಸಿಯಲ್ಲಿ ವಿಮಾನ ಎಲ್ಲಿ ಇಳಿಸ್ತಾರೆ, ಬಿಡಕಿಬೈಲಿನಲ್ಲಾ?

ಟ್ಯಾಪೆಟ್_ಕುಮಟಾ:
ಹೊಸ ಪ್ಲೇಟ್ ಮಾತ್ರ ಹೊಡೆಸಬೇಡಿ. ಕ್ರ್ಯಾಂಕ್ ಬದಲಾದ ಮಾತ್ರಕ್ಕೆ ಸಿ-85 ಓ-200 ಆಗೋದಿಲ್ಲ. ಸ್ಟ್ರೋಕ್, ಅಂದ್ರೆ ಪಿಸ್ಟನ್ನಿನ ಓಟ, ಕಾಲು ಇಂಚು ಹೆಚ್ಚಾಗಿ 188 ಘನ ಇಂಚಿನದ್ದು 201 ಆಗ್ತದೆ, ಅಷ್ಟೇ. ಸಿ-85ರ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಸರ್ಕಾರ ಕೊಟ್ಟ ಒಪ್ಪಿಗೆ) ಇ-233, ಓ-200ದ್ದು ಇ-252. ಜಾತಕವೇ ಬೇರೆ. ನಿಮ್ಮದು ಕಾಗದದ ಮೇಲೆ 85 ಕುದುರೆಯ, 2575 ಆರ್‌ಪಿಎಮ್ಮಿನ ಎಂಜಿನ್ನೇ. ಅಂದಹಾಗೆ ವಿಮಾನ ಯಾವ ದೇಶದ ರಿಜಿಸ್ಟ್ರೇಶನ್?

ಕಾಳಿತೀರ:
ವಿಟಿ ಇರಬೇಕು, ಅಂದ್ರೆ ನಮ್ಮ ದೇಶದ್ದೇ, ಎಚ್‌ಎಎಲ್‌ನ ಹಳೇ ಪುಟ್ಟ ವಿಮಾನ ಪುಷ್ಪಕ್. ಅದಕ್ಕೂ ಸಿ-85 ಬರ್ತಿತ್ತು. ವಿಮಾನಯಾನ ಇಲಾಖೆ ಡಿಜಿಸಿಎಗೆ ಅರ್ಜಿ ಹಾಕಿ.

ಟ್ಯಾಪೆಟ್_ಕುಮಟಾ:
ಪುಷ್ಪಕ್‌ಗೆ ಸಿ-90. ಎಚ್‌ಎಎಲ್ 1958ರಲ್ಲಿ ಹಾರಿಸಿದ್ದೇ ಅದರಲ್ಲಿ. ಗೊತ್ತಿಲ್ಲದಿದ್ರೆ ಸುಮ್ಮನಿರಿ.

ಕಾಳಿತೀರ:
ಸುಮ್ಮನಿರೋದಾ? ನಮ್ಮ ಟಾಗೋರ್ ಬೀಚಿನಲ್ಲಿ ನೌಕಾಪಡೆಯ ಹಳೇ ವಿಮಾನ ಟಿಯು-142 ನಿಂತಿದೆ. ನಾಲ್ಕು ಎಂಜಿನ್, ಎಂಟು ಪ್ರೊಪೆಲ್ಲರ್. ನೀವು ಕುಮಟಾದವರು 85 ಕುದುರೆಗೆ ಇಷ್ಟು ಹಾರಾಡ್ತೀರಿ.

ಕೊಟ್ಟಿಗೆ_ಹ್ಯಾಂಗರ್:
ಹೇಳಿರಲಿಲ್ವಾ? ವಿಮಾನ ಇರೋದು ಒಹಾಯೋದಲ್ಲಿ. ಸೆಸ್ನಾ 140, ಮೂವರು ದೋಸ್ತರು ಸೇರಿ ತಗೊಂಡಿದ್ದು. ನಾನು ಊರಿಗೆ ಬಂದಿದ್ದೇನೆ, ಲಾಗ್‌ಬುಕ್ಕಿನ ಸ್ಕ್ಯಾನ್ ಮಾತ್ರ ನನ್ನ ಹತ್ತಿರ ಇದೆ.

ಜಾವಾ_ಭಾವ:
ಇದನ್ನು ಮೊದಲೇ ಹೇಳೋದಲ್ವಾ!

ಟ್ಯಾಪೆಟ್_ಕುಮಟಾ:
ಹಾಗಾದ್ರೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮ. ಅವರ ಅನುಮತಿ ಇಲ್ಲದೆ ಪ್ಲೇಟ್ ತಿದ್ದೋದು, ಬೇರೆಯದು ಹಾಕೋದು ಎರಡೂ ತಪ್ಪು. ಕೆಲಸದ ಮಧ್ಯೆ ತೆಗೆಯಬೇಕಾಗಿ ಬಂದ್ರೆ ಮೆಕ್ಯಾನಿಕ್ ತೆಗೀಬಹುದು, ಆದ್ರೆ ಅದೇ ಎಂಜಿನ್ನಿಗೇ ವಾಪಸ್ ಹೋಗಬೇಕು. ನನಗೆ ಅನುಮಾನ ಅಲ್ಲೇ. ಯಾರೋ ಪ್ಲೇಟ್ ಅದಲುಬದಲು ಮಾಡಿದ್ದಾರೆ. ಫೋಟೋ ಹಾಕಿ.

ಕೊಟ್ಟಿಗೆ_ಹ್ಯಾಂಗರ್:
ಹಾಕಿದೆ. ದೋಸ್ತ್ ಸೀಮೆಸುಣ್ಣ ಉಜ್ಜಿ ತೆಗೆದಿದ್ದು. ಸೀರಿಯಲ್ ಲಾಗ್‌ಬುಕ್ಕಿಗೆ ತಾಳೆಯಾಗ್ತದೆ.

ಟ್ಯಾಪೆಟ್_ಕುಮಟಾ:
ಪ್ಲೇಟಿನ ಎಡಗಡೆಯ ಮೊಳೆ ಹೊಳೀತಾ ಇದೆ, ಬಲಗಡೆಯದು ಕಪ್ಪು. ನಾನು ಹೇಳಿದ್ದೇ ಸರಿ.

ಕೊಟ್ಟಿಗೆ_ಹ್ಯಾಂಗರ್:
ಅದು ಕ್ಯಾಮೆರಾ ಫ್ಲಾಶ್.

ಟ್ಯಾಪೆಟ್_ಕುಮಟಾ:
ಫ್ಲಾಶ್ ಬರೀ ಎಡಗಡೆ ಬೀಳ್ತದಾ? ಇನ್ನೊಂದು ಫೋಟೋ, ಬೇರೆ ಕೋನದಿಂದ.

(ಇದೇ ಎಳೆ ಹಿಡಿದು ಇನ್ನೂ ಹನ್ನೊಂದು ಉತ್ತರ, ಏಳು ಫೋಟೋ.)

ಹಳೆಪಾನಾ (ಅಂಕೋಲಾ):
ಮೊಳೆ ಬಿಡಿ. ಈ ಎಂಜಿನ್ ಮೊದಲಿಂದಲೂ ಇದೇ ವಿಮಾನದಲ್ಲಿತ್ತಾ?

ಕೊಟ್ಟಿಗೆ_ಹ್ಯಾಂಗರ್:
ಇಲ್ಲ, ನಮಗೆ ಮಾರಿದವ ಬೇರೆ ಕಡೆಯಿಂದ ತಂದು ಕೂರಿಸಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಳೆಪಾನಾ:
ಇರೋದೇ ಅಲ್ಲಿ. ಈ ಕ್ರ್ಯಾಂಕ್ ಹಾಕೋದಕ್ಕೆ ಎಸ್‌ಟಿಸಿ, ಅಂದ್ರೆ ಮೂಲ ವಿನ್ಯಾಸ ಬದಲಿಸೋದಕ್ಕೆ ಎಫ್‌ಎಎ ಒಪ್ಪಿಗೆ, ಇದೆ. ಹಾಕಿದವ ದೊಡ್ಡ ಬದಲಾವಣೆಯ ದಾಖಲೆ ಫಾರ್ಮ್ 337 ತುಂಬಬೇಕು. ಒಂದು ಪ್ರತಿ ಮಾಲೀಕನಿಗೆ, ಇನ್ನೊಂದು 48 ಗಂಟೆಯೊಳಗೆ ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಗೆ. ಅಲ್ಲಿ ಅದು ಸೇರೋದು ವಿಮಾನದ ಎನ್ ನಂಬರಿನ (ಅಮೆರಿಕದ ರಿಜಿಸ್ಟ್ರೇಶನ್ ನಂಬರ್) ಫೈಲಿಗೆ, ಎಂಜಿನ್ನಿನ ಹೆಸರಿಗೆ ಬೇರೆ ಫೈಲ್ ಇರೋದಿಲ್ಲ. ನೀವು ತರಿಸಿದ್ದು ನಿಮ್ಮ ಸೆಸ್ನಾದ್ದು. ಕಾಗದ ಹಳೇ ವಿಮಾನದ ಫೈಲಿನಲ್ಲಿ ಕೂತಿರ್ತದೆ. ಎಂಜಿನ್ ಯಾವ ವಿಮಾನಕ್ಕೂ ಕೂರಿಸದೆ ಬೆಂಚಿನ ಮೇಲಿದ್ದಾಗಲೇ ಕ್ರ್ಯಾಂಕ್ ಹಾಕಿದ್ರೆ ಕತೆ ಬೇರೆ. ಆಗ ವಿಮಾನದ ವಿವರ ಬರೆಯೋ ಜಾಗ ಖಾಲಿ ಬಿಟ್ಟ 337ರ ಎರಡೂ ಪ್ರತಿ ಎಂಜಿನ್ ಜೊತೆಗೇ ಬರಬೇಕಿತ್ತು, ಕೂರಿಸಿದವ ತುಂಬಿ ಕಳಿಸಬೇಕಿತ್ತು. ಎಸ್‌ಟಿಸಿ ಬಳಸೋದಕ್ಕೆ ಅದರ ಒಡೆಯ ಕೊಟ್ಟ ಒಪ್ಪಿಗೆ ಪತ್ರವನ್ನೂ ಹುಡುಕಿ. ತಪಾಸಣೆಯವ ಮುಂದೆ ಅದನ್ನೇ ಕೇಳೋದು. ಪ್ಲೇಟ್ ಸಿ-85 ಅಂತ ಇರೋದೇ ಸರಿ.

ಕೊಟ್ಟಿಗೆ_ಹ್ಯಾಂಗರ್:
ಸ್ಕ್ಯಾನ್ ಮತ್ತೆ ತೆಗೆದೆ. ಕ್ರ್ಯಾಂಕಿನ ಸಾಲಿನ ಮೇಲ್ಗಡೆ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬೇರೆ ಎನ್ ನಂಬರ್ ಇದೆ! ಕೊನೇ ಅಕ್ಷರದ ಮೇಲೆ ಎಣ್ಣೆ ಕಲೆ, ಇಂಗ್ಲಿಷಿನ E ಅಥವಾ F. ಎರಡಕ್ಕೂ ಅರ್ಜಿ ಹಾಕಿದೆ. ಇಷ್ಟು ದಿನ ಮೊಳೆ ನೋಡ್ತಾ ಕೂತಿದ್ದೆ.

ಟ್ಯಾಪೆಟ್_ಕುಮಟಾ:
ಆದ್ರೂ ಆ ಮೊಳೆ ಹೊಸದೇ.

ಜಾವಾ_ಭಾವ:
ತೆಗೆದ ಹಳೇ ಕ್ರ್ಯಾಂಕ್ ಎಲ್ಲಿದೆ? ಕೊಡೋದಾದ್ರೆ ಹೇಳಿ, ಟೇಬಲ್ ಲ್ಯಾಂಪ್ ಮಾಡಿಸ್ತೇನೆ.

ಕಾಳಿತೀರ:
ಪುಷ್ಪಕ್ ನೋಡಿದೆ. ಸಿ-90. ಆದ್ರೂ ಟಿಯು-142 ನಮ್ಮ ಬೀಚಿನಲ್ಲಿದೆ.